ಫಾಕ್ಲೆಂಡ್‌ಗೆ ಹತ್ತಿರದ ದಾರಿ ಯಾಕೆ ಮುಚ್ಚಿದೆ? ಇದು ಮೂರೂವರೆ ಸಾವಿರ ಜನರ ಹಠವೇ, ಹಕ್ಕೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಕುಂದಾಪುರದ ಕಡೆಯವನು. ನನ್ನ ಮಗ ಕ್ರೂಸ್ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕೆಲಸಕ್ಕಿದ್ದಾನೆ. ನಮಗೆ ಚಳಿಗಾಲ ಇರುವಾಗ ಅವರ ಹಡಗು ಅರ್ಜೆಂಟೀನಾದ ಉಶುವಾಯ, ಫಾಕ್ಲೆಂಡ್ ದ್ವೀಪದ ಸ್ಟ್ಯಾನ್ಲಿ, ಅಂಟಾರ್ಕ್ಟಿಕಾ ಕಡೆ ಓಡಾಡುತ್ತದೆ. ಕಳೆದ ಸೀಸನ್ನಿನಲ್ಲಿ ಅವನ ಜೊತೆಗಾರನೊಬ್ಬನಿಗೆ ಹೊಟ್ಟೆನೋವು ಜೋರಾಗಿ ಸ್ಟ್ಯಾನ್ಲಿಯಲ್ಲಿ ಇಳಿಸಿದರಂತೆ. ಅಲ್ಲೇ ಆಪರೇಷನ್ ಆಯಿತು. ಊರಿಗೆ ಕಳಿಸುವಾಗ ಮಾತ್ರ, ಪಕ್ಕದಲ್ಲೇ ಇರುವ ಅರ್ಜೆಂಟೀನಾಕ್ಕೆ ವಿಮಾನ ಇಲ್ಲ, ಚಿಲಿಗೆ ಹೋಗುವ ವಾರದ ವಿಮಾನ ಬರುವವರೆಗೆ ಕಾಯಬೇಕು ಅಂದರಂತೆ. ಅಂದಿನಿಂದ ನನ್ನ ಹೆಂಡತಿಗೆ ನಿದ್ದೆ ಇಲ್ಲ. ಅರ್ಜೆಂಟೀನಾದವರು ನೇರ ವಿಮಾನ ಕೊಡುತ್ತೇವೆ ಅಂದರೂ ದ್ವೀಪದವರೇ ಬೇಡ ಅಂದರು ಎಂದು ಓದಿದೆ. ನಮ್ಮ ಒಂದು ಗ್ರಾಮ ಪಂಚಾಯಿತಿಯಷ್ಟೂ ಜನ ಇಲ್ಲದ ಊರಿನವರು, ಅದೂ ಹೊರಗಿನಿಂದ ಬಂದು ಕೂತ ಬ್ರಿಟಿಷರು, ವೋಟು ಹಾಕಿ 'ನಾವು ಹೀಗೇ ಇರುತ್ತೇವೆ' ಅಂದರೆ ಅದಕ್ಕೆ ಬೆಲೆ ಇದೆಯೇ? ಅವರ ಹಠಕ್ಕೆ ಉಳಿದವರು ಯಾಕೆ ತೊಂದರೆ ಪಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು ಮಗನದು, ಇನ್ನೊಂದು ನ್ಯಾಯದ್ದು. ಮನೆಯವರಿಗೆ ನಿದ್ದೆ ಬರಲಿ ಅನ್ನುವ ಕಾರಣಕ್ಕೆ ಮೊದಲನೆಯದನ್ನು ಮೊದಲು ಮುಗಿಸುತ್ತೇನೆ.

ಸ್ಟ್ಯಾನ್ಲಿಯ ಆಸ್ಪತ್ರೆ ಸಣ್ಣದು, ಆದರೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ. ಆ ಹುಡುಗನ ಆಪರೇಷನ್ ಅಲ್ಲೇ ಆಯಿತು ಎಂದು ನೀವೇ ಬರೆದಿದ್ದೀರಿ. ಅಲ್ಲಿ ಸಂಭಾಳಿಸಲಾಗದ ರೋಗಿಯನ್ನು ಏರ್ ಆಂಬುಲೆನ್ಸ್‌ನಲ್ಲಿ ಚಿಲಿಗೋ ಉರುಗ್ವೆಗೋ ಸಾಗಿಸುವ ವ್ಯವಸ್ಥೆ ಇದೆ. ಜೀವಕ್ಕೆ ಅಪಾಯ ಇರುವವರನ್ನು ವಾರದ ವಿಮಾನಕ್ಕಾಗಿ ಕಾಯಿಸುವುದಿಲ್ಲ. ಚೇತರಿಸಿಕೊಂಡು ಊರಿಗೆ ಹೊರಟವರು ಮಾತ್ರ ಕಾಯುತ್ತಾರೆ. ನಾವಿಕರ ಕೆಲಸದ ಬಗ್ಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. ಕ್ರೂಸ್ ಹಡಗುಗಳು ಹೆಚ್ಚಾಗಿ ಹಾರಿಸುವ ಬಹಾಮಾಸ್, ಪನಾಮಾ, ಮಾಲ್ಟಾ ಧ್ವಜಗಳ ದೇಶಗಳೂ ಅದರಲ್ಲಿವೆ. ಕೆಲಸದಲ್ಲಿದ್ದಾಗ ಕಾಯಿಲೆ ಬಿದ್ದವನ ಚಿಕಿತ್ಸೆಯ ಖರ್ಚು, ಊರಿಗೆ ಕಳಿಸುವ ಖರ್ಚು ಎರಡನ್ನೂ ಹಡಗಿನ ಮಾಲೀಕರೇ ಹೊರಬೇಕು. ಕೆಲಸ ಮಾಡಲಾಗದ ಸ್ಥಿತಿಯಲ್ಲಿದ್ದರೆ ಸಂಬಳವೂ ಸಿಗಬೇಕು. ಅದಕ್ಕೆ ಮಿತಿ ಹಾಕಲು ಅವಕಾಶವಿದ್ದರೂ 16 ವಾರಕ್ಕಿಂತ ಕಡಿಮೆ ಮಾಡುವಂತಿಲ್ಲ. ಮಗನ ಕಾಂಟ್ರಾಕ್ಟ್‌ನಲ್ಲಿ ಇವು ಬರೆದಿವೆಯೇ, ಹಡಗಿನ ಧ್ವಜ ಯಾವುದು ಎಂದು ಅವನನ್ನೇ ಕೇಳಿ ನೋಡಿಕೊಳ್ಳಿ.

ಇನ್ನು ಎರಡನೆಯದು. ದೇಶದೇಶಗಳ ನಡುವಿನ ವಿಮಾನ ಒಪ್ಪಂದಗಳನ್ನು ಓದುವುದು, ಅವುಗಳ ಮೇಲೆ ಅಭಿಪ್ರಾಯ ಬರೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ಫಾಕ್ಲೆಂಡ್ ಪದೇ ಪದೇ ಎದುರಾಗುತ್ತದೆ. ವಿಮಾನ ಎಷ್ಟು ಹೊತ್ತು ಹಾರುತ್ತದೆ ಎನ್ನುವುದನ್ನು ಎಲ್ಲರೂ ಕೇಳುತ್ತಾರೆ. ಅದನ್ನು ಯಾರು, ಎಷ್ಟು ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು ಎಂದು ಕೇಳುವವರು ಕಡಿಮೆ. ದ್ವೀಪದಲ್ಲಿ ಬದುಕುವವರಿಗೆ ಮುಖ್ಯವಾದ ಪ್ರಶ್ನೆ ಈ ಎರಡನೆಯದೇ.

ಮೊದಲು ಕೆಲವು ತಪ್ಪು ತಿಳಿವಳಿಕೆಗಳನ್ನು ಬದಿಗಿಡೋಣ. ದ್ವೀಪಗಳು ಬ್ರಿಟನ್ನಿನ ಆಡಳಿತದಲ್ಲಿವೆ. ಅರ್ಜೆಂಟೀನಾ ಅವುಗಳನ್ನು ಮಾಲ್ವಿನಾಸ್ ಎಂದು ಕರೆಯುತ್ತದೆ, ತನ್ನ ಟಿಯೆರ ಡೆಲ್ ಫ್ಯೂಗೊ ಪ್ರಾಂತ್ಯದ ಭಾಗ ಎನ್ನುತ್ತದೆ. ಆದರೆ ಅರ್ಜೆಂಟೀನಾದವರು ಅಲ್ಲಿಗೆ ಕಾಲಿಡುವಂತಿಲ್ಲ ಅನ್ನುವುದು ಈಗ ನಿಜವಲ್ಲ. 1982ರ ಯುದ್ಧದ ನಂತರ ಅವರಿಗೆ ಬಾಗಿಲು ಮುಚ್ಚಿತ್ತು, ಮಡಿದ ಸೈನಿಕರ ಬಂಧುಗಳ ಭೇಟಿಗಷ್ಟೇ ವಿನಾಯಿತಿ ಇತ್ತು. 1999ರಿಂದ ಅರ್ಜೆಂಟೀನಾ ಪಾಸ್‌ಪೋರ್ಟ್ ಹಿಡಿದು ಯಾರೂ ಹೋಗಬಹುದು. ಹಾಗೆಯೇ ಅರ್ಜೆಂಟೀನಾ ದ್ವೀಪಕ್ಕೆ ಸಂಪೂರ್ಣ ದಿಗ್ಬಂಧನ ಹಾಕಿದೆ ಅನ್ನುವುದೂ ಸರಿಯಲ್ಲ. ಚಿಲಿಯ ಪುಂಟಾ ಅರೆನಾಸ್‌ನಿಂದ ಶನಿವಾರ ಬರುವ ಲಾಟಾಮ್ ವಿಮಾನ ಹಾರುವುದು ಅರ್ಜೆಂಟೀನಾದ ಆಕಾಶದಲ್ಲೇ, ಅದರ ಅನುಮತಿಯಿಂದಲೇ. ಆ ದೇಶ ಅನುಮತಿಯನ್ನು ಕಿತ್ತುಕೊಂಡಿಲ್ಲ, ಕೈಯಲ್ಲಿ ಹಿಡಿದುಕೊಂಡು ಕೂತಿದೆ. ಬ್ರಿಟಿಷರು ಮೂಲನಿವಾಸಿಗಳನ್ನು ಓಡಿಸಿ ಕೂತರು ಅನ್ನುವುದೂ ಸರಿಯಲ್ಲ. ಯುರೋಪಿನವರು ಬಂದಾಗ ಅಲ್ಲಿ ಯಾರೂ ವಾಸವಿರಲಿಲ್ಲ. 1764ರಲ್ಲಿ ಫ್ರೆಂಚರು ಪೂರ್ವ ದ್ವೀಪದಲ್ಲಿ ನೆಲೆಯೂರಿದರು, ಮರುವರ್ಷ ಬ್ರಿಟಿಷರು ಪಶ್ಚಿಮದ ಕಡೆ ಬಂದರು. ಫ್ರೆಂಚರ ಜಾಗಕ್ಕೆ ಸ್ಪೇನ್ ಬಂತು. ಬ್ರಿಟಿಷರು 1774ರಲ್ಲಿ, ಸ್ಪೇನಿನವರು 1811ರಲ್ಲಿ ಹೊರಟುಹೋದರು. ಆಮೇಲೆ ಸ್ಪೇನಿನಿಂದ ಬಿಡುಗಡೆಯಾದ ಬ್ಯೂನಸ್ ಐರಿಸ್ ಸರ್ಕಾರ, ಅಂದರೆ ಇಂದಿನ ಅರ್ಜೆಂಟೀನಾ, 1829ರಲ್ಲಿ ಲೂಯಿಸ್ ವರ್ನೆಟ್ ಎಂಬವರನ್ನು ಅಲ್ಲಿನ ಅಧಿಕಾರಿಯಾಗಿ ನೇಮಿಸಿತು. 1833ರ ಜನವರಿಯಲ್ಲಿ ಬ್ರಿಟಿಷ್ ನೌಕೆ ಬಂದು ಅರ್ಜೆಂಟೀನಾದ ಸೈನಿಕ ತುಕಡಿಯನ್ನು ಹೊರಹಾಕಿತು. ವರ್ನೆಟ್ ಕರೆತಂದಿದ್ದ ಜನರಲ್ಲಿ ಕೆಲವರು ಅಲ್ಲೇ ಉಳಿದರು. ಅರ್ಜೆಂಟೀನಾದ ಗಾಯ ಆ ಜನವರಿಯದು. ಅದನ್ನು ಕಟ್ಟುಕತೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಈಗ ದಾರಿಯ ಕತೆ. ನೇರ ವಿಮಾನವನ್ನು ದ್ವೀಪದವರು ಯಾಕೆ ಬೇಡ ಅಂದರು ಎಂದು ತಿಳಿಯಬೇಕಾದರೆ, ಅಂಥ ವಿಮಾನ ಒಮ್ಮೆ ಇತ್ತು ಅನ್ನುವುದು ಗೊತ್ತಿರಬೇಕು.

1971ರ ತನಕ ದ್ವೀಪಕ್ಕೆ ಹೊರಗಿನ ಸಂಪರ್ಕ ಅಂದರೆ ಡಾರ್ವಿನ್ ಎಂಬ ಹಡಗು. ಅದು ಉರುಗ್ವೆಯ ಮಾಂಟೆವಿಡಿಯೊಗೆ ಹೋಗಿ ಬರುತ್ತಿತ್ತು. ಉಣ್ಣೆಯ ಬೆಲೆ ಕುಸಿದಿತ್ತು, ಹಡಗು ನಡೆಸುವುದು ನಷ್ಟವಾಗಿತ್ತು, ಲಂಡನ್ನಿಗೆ ಆ ಖರ್ಚು ಭಾರವಾಗಿತ್ತು. 1971ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಸಂಪರ್ಕ ಒಪ್ಪಂದ ಮಾಡಿಕೊಂಡವು. ವಿಮಾನ ಅರ್ಜೆಂಟೀನಾದ್ದು, ಹಡಗು ಬ್ರಿಟನ್ನಿನದು ಎಂದು ಮಾತಾಯಿತು. ಡಾರ್ವಿನ್ ನಿಂತಿತು, ಅದರ ಜಾಗಕ್ಕೆ ಬರಬೇಕಾದ ಬ್ರಿಟಿಷ್ ಹಡಗು ಬರಲೇ ಇಲ್ಲ. ವಿಮಾನ ಮಾತ್ರ ಬಂತು. ಮೊದಲು ನೀರಿನ ಮೇಲೂ ಇಳಿಯುವ ಆಲ್ಬಟ್ರಾಸ್. 1972ರಲ್ಲಿ ಸ್ಟ್ಯಾನ್ಲಿಯ ಹತ್ತಿರ ಅರ್ಜೆಂಟೀನಾದವರೇ ಲೋಹದ ಹಾಸು ಹಾಸಿ ತಾತ್ಕಾಲಿಕ ರನ್‌ವೇ ಮಾಡಿದ ಮೇಲೆ ಫೋಕರ್. ನಡೆಸುತ್ತಿದ್ದದ್ದು ಲಾಡೆ, ಅಂದರೆ ಅರ್ಜೆಂಟೀನಾದ ವಾಯುಪಡೆಯ ಕೈಯಲ್ಲಿದ್ದ ವಿಮಾನ ಸಂಸ್ಥೆ. 1974ರಲ್ಲಿ ಇಂಧನ ಪೂರೈಕೆಯೂ ಅರ್ಜೆಂಟೀನಾದ ಸರ್ಕಾರಿ ತೈಲ ಕಂಪನಿಯ ಪಾಲಾಯಿತು.

ಇದರಿಂದ ಅನುಕೂಲ ಆಗಲಿಲ್ಲ ಅಂದರೆ ಸುಳ್ಳು ಹೇಳಿದಂತೆ. ರೋಗಿಗಳು ದೊಡ್ಡ ಆಸ್ಪತ್ರೆಗೆ ಹೋದರು, ಮಕ್ಕಳು ವಿದ್ಯಾರ್ಥಿವೇತನದಲ್ಲಿ ಅರ್ಜೆಂಟೀನಾದ ಶಾಲೆಗಳಲ್ಲಿ ಓದಿದರು, ಹಣ್ಣು ತರಕಾರಿ ಬಂತು. ಸ್ನೇಹಗಳೂ ಬೆಳೆದವು. ಆದರೆ ಅರ್ಜೆಂಟೀನಾಕ್ಕೆ ಹೋಗಬೇಕಾದ ದ್ವೀಪವಾಸಿ ತನ್ನ ಪಾಸ್‌ಪೋರ್ಟ್ ತೋರಿಸಿದರೆ ನಡೆಯುತ್ತಿರಲಿಲ್ಲ. ಅರ್ಜೆಂಟೀನಾ ಕೊಡುವ ಬಿಳಿ ಕಾರ್ಡ್ ಇಟ್ಟುಕೊಳ್ಳಬೇಕಿತ್ತು. ಪ್ರಯಾಣದ ಚೀಟಿ ಎಂದು ಕೊಟ್ಟ ಆ ಕಾಗದವನ್ನು ಹಿಡಿದವನು 'ನಾನು ನಿಮ್ಮವನೇ' ಎಂದು ಅರ್ಧ ಒಪ್ಪಿಕೊಂಡ ಹಾಗೆ. ಆಗಿನ ದ್ವೀಪದವರನ್ನು ಅತಿ ಹೆಚ್ಚು ಚುಚ್ಚಿದ್ದು ಈ ಕಾರ್ಡ್. ಒಂದು ಊರಿನ ವಿಮಾನ, ಅದರ ಇಂಧನ, ಹೊರಗೆ ಹೋಗುವ ಕಾಗದ ಮೂರೂ ಆ ನೆಲ ತನ್ನದು ಅನ್ನುವ ದೇಶದ ಕೈಗೆ ಹೋದವು. 1976ರಲ್ಲಿ ಲಾರ್ಡ್ ಶ್ಯಾಕಲ್ಟನ್ ಸಮಿತಿ ದೂರದ ವಿಮಾನಗಳು ಇಳಿಯುವಂತೆ ರನ್‌ವೇ ಉದ್ದ ಮಾಡಿ ಎಂದು ಶಿಫಾರಸು ಮಾಡಿತ್ತು, ಲಂಡನ್ ಕಿವಿಗೆ ಹಾಕಿಕೊಳ್ಳಲಿಲ್ಲ. 1979ರಲ್ಲಿ ತೆರೆದ ಕಾಯಂ ನಿಲ್ದಾಣವೂ ಚಿಕ್ಕದಾಗಿಯೇ ಉಳಿಯಿತು. 1980ರಲ್ಲಿ ಬ್ರಿಟಿಷ್ ಸಚಿವ ನಿಕೊಲಸ್ ರಿಡ್ಲಿ ಸ್ಟ್ಯಾನ್ಲಿಗೆ ಬಂದು, ಸಾರ್ವಭೌಮತ್ವವನ್ನು ಅರ್ಜೆಂಟೀನಾಕ್ಕೆ ಕೊಟ್ಟು ದ್ವೀಪವನ್ನು ಗುತ್ತಿಗೆಗೆ ಹಿಂಪಡೆಯುವ ಪ್ರಸ್ತಾಪ ಮುಂದಿಟ್ಟಾಗ, ಈ ದಾರಿ ಎಲ್ಲಿಗೆ ಕರೆದೊಯ್ಯುತ್ತಿದೆ ಎಂಬ ಅನುಮಾನ ಜನರಿಗೆ ಗಟ್ಟಿಯಾಯಿತು. ಎರಡು ವರ್ಷದೊಳಗೆ, 1982ರ ಏಪ್ರಿಲ್ 2ರಂದು, ಅರ್ಜೆಂಟೀನಾದ ಸೇನೆ ಇಳಿಯಿತು.

ಯುದ್ಧ 74 ದಿನ ನಡೆಯಿತು. ಅರ್ಜೆಂಟೀನಾದ 649, ಬ್ರಿಟನ್ನಿನ 255 ಸೈನಿಕರು ಸತ್ತರು. ದ್ವೀಪದ ಮೂವರು ನಾಗರಿಕರೂ ಹೋದರು. ಬ್ರಿಟಿಷ್ ನೌಕಾಪಡೆಯ ಮುಂದಾಳಾಗಿ ಆಗ ಹೋಗಿದ್ದ ಹರ್ಮಿಸ್ ಹಡಗೇ 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಗಿ ಮೂವತ್ತು ವರ್ಷ ಸೇವೆ ಮಾಡಿತು. ನಿಮ್ಮ ಕರಾವಳಿಯ ನೌಕಾಪಡೆ ಕುಟುಂಬಗಳಲ್ಲಿ ಅದರ ಮೇಲೆ ಕೆಲಸ ಮಾಡಿದವರು ಸಿಕ್ಕಾರು.

1971ರಿಂದ 1982ರ ತನಕದ ಆ ಅನುಭವ ಇಲ್ಲದೆ ನಕಾಶೆ ನೋಡಿದರೆ ದ್ವೀಪದವರದು ಹಠ ಅನ್ನಿಸುವುದು ಸಹಜ. ಕರಾವಳಿಯಿಂದ 480 ಕಿಲೋಮೀಟರ್ ಅಷ್ಟೇ. ಆದರೆ 2012ರ ಮಾರ್ಚ್‌ನಲ್ಲಿ ಅಧ್ಯಕ್ಷೆ ಕ್ರಿಸ್ಟಿನಾ ಕಿರ್ಚನರ್, ಚಿಲಿಯ ವಿಮಾನದ ಬದಲು ಬ್ಯೂನಸ್ ಐರಿಸ್‌ನಿಂದ ಅರ್ಜೆಂಟೀನಾದ ಸರ್ಕಾರಿ ವಿಮಾನ ಬಿಡೋಣ ಅಂದದ್ದು ಯಾವ ಹೊತ್ತಿನಲ್ಲಿ ನೋಡಿ. 2003ರಿಂದಲೇ ದ್ವೀಪಕ್ಕೆ ಹೋಗುವ ಬಾಡಿಗೆ ವಿಮಾನಗಳಿಗೆ ಅರ್ಜೆಂಟೀನಾದ ಆಕಾಶ ಬಂದ್ ಆಗಿತ್ತು. 2010ರಲ್ಲಿ ಅರ್ಜೆಂಟೀನಾದ ಬಂದರುಗಳಿಂದ ಆ ಕಡೆ ಹೋಗುವ ಹಡಗುಗಳಿಗೆ ಪರವಾನಗಿ ಕಡ್ಡಾಯವಾಯಿತು. 2011ರಲ್ಲಿ ವಾರದ ಚಿಲಿ ವಿಮಾನವನ್ನೂ ನಿಲ್ಲಿಸಬೇಕಾದೀತು ಎಂದು ವಿಶ್ವಸಂಸ್ಥೆಯಲ್ಲೇ ಎಚ್ಚರಿಕೆ ಕೊಟ್ಟದ್ದಾಗಿತ್ತು. ಅದೇ ವರ್ಷದ ಕೊನೆಗೆ ದಕ್ಷಿಣ ಅಮೆರಿಕದ ವ್ಯಾಪಾರ ಕೂಟವಾದ ಮೆರ್ಕೊಸೂರ್‌ನ ದೇಶಗಳು ಫಾಕ್ಲೆಂಡ್ ಧ್ವಜದ ಹಡಗುಗಳನ್ನು ಬಂದರಿಗೆ ಬಿಟ್ಟುಕೊಳ್ಳುವುದಿಲ್ಲ ಅಂದವು. 2012ರ ಫೆಬ್ರವರಿಯಲ್ಲಿ, ಫಾಕ್ಲೆಂಡ್‌ನಿಂದ ಬಂದ ಎರಡು ಕ್ರೂಸ್ ಹಡಗುಗಳನ್ನು ಉಶುವಾಯದಲ್ಲಿ ನಿಲ್ಲಲು ಬಿಡಲಿಲ್ಲ. ಹಳೆಯ ಬಾಗಿಲು ಮುಚ್ಚಿ, ನಮ್ಮ ಬಾಗಿಲಿಂದಷ್ಟೇ ಬನ್ನಿ ಅಂದಂತಾಯಿತು. ಈ ಪ್ರಸ್ತಾಪ ನನ್ನ ಮೇಜಿಗೆ ಬಂದಿದ್ದರೂ ನಾನು ಬೇಡ ಎಂದೇ ಬರೆಯುತ್ತಿದ್ದೆ.

ಕಾನೂನಿನ ಬುಡ ಇಲ್ಲಿದೆ. 1944ರ ಶಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರ. ವೇಳಾಪಟ್ಟಿಯ ವಿಮಾನ ಅನುಮತಿ ಇಲ್ಲದೆ ಬರುವಂತಿಲ್ಲ. ಹಾಗಾಗಿ ಅರ್ಜೆಂಟೀನಾ ತನ್ನ ಆಕಾಶ ಕೊಡುವುದಿಲ್ಲ ಅಂದರೆ ಅದು ಅನ್ಯಾಯ ಅನ್ನಿಸಬಹುದು, ಕಾನೂನುಬಾಹಿರ ಎಂದು ಸಾಧಿಸುವುದು ಕಷ್ಟ. ಇನ್ನು ಅರ್ಜೆಂಟೀನಾದ ವಿಮಾನ ನೇರ ಬಂದರೆ ಬೇರೆ ತೊಡಕು. ಬ್ಯೂನಸ್ ಐರಿಸ್ ದೃಷ್ಟಿಯಲ್ಲಿ ಅದು ದೇಶದೊಳಗಿನ ಹಾರಾಟ, ದ್ವೀಪದ ದೃಷ್ಟಿಯಲ್ಲಿ ಹೊರದೇಶದ ಹಾರಾಟ. ಟಿಕೆಟ್ಟಿನ ಮೇಲೆ ಏನು ಬರೆಯಬೇಕು, ಪಾಸ್‌ಪೋರ್ಟಿಗೆ ಮುದ್ರೆ ಹಾಕಬೇಕೇ ಬೇಡವೇ ಅನ್ನುವ ಪ್ರತಿಯೊಂದೂ ಸಾರ್ವಭೌಮತ್ವದ ಜಗಳ. ಇಂದಿಗೂ ಸ್ಟ್ಯಾನ್ಲಿಯ ಮುದ್ರೆ ತಮ್ಮ ಪಾಸ್‌ಪೋರ್ಟಿಗೆ ಬೀಳುವುದು ಅರ್ಜೆಂಟೀನಾದ ಅನೇಕರಿಗೆ ನೋವಿನ ವಿಷಯ.

ಈಗ ನಿಮ್ಮ ಗ್ರಾಮ ಪಂಚಾಯಿತಿ ಪ್ರಶ್ನೆ. 2021ರ ಗಣತಿಯಲ್ಲಿ ಅಲ್ಲಿದ್ದವರು 3,662. ನೀವು ಹೇಳಿದಂತೆ ನಮ್ಮ ಬಹುತೇಕ ಪಂಚಾಯಿತಿಗಳಿಗೂ ಅದಕ್ಕಿಂತ ಹೆಚ್ಚು ಜನ ಇದ್ದಾರೆ. 2013ರ ಮಾರ್ಚ್ 10 ಮತ್ತು 11ರಂದು, ಬ್ರಿಟನ್ನಿನ ಸಾಗರೋತ್ತರ ಪ್ರದೇಶವಾಗಿಯೇ ಉಳಿಯಬೇಕೇ ಎಂದು ಅಲ್ಲಿ ಜನಮತ ಕೇಳಿದರು. ಶೇ. 92ರಷ್ಟು ಮತದಾನ. ಹೌದು ಅಂದವರು 1,513, ಇಲ್ಲ ಅಂದವರು 3. ಬೇರೆ ದೇಶಗಳ ವೀಕ್ಷಕರೂ ಇದ್ದರು, ಮತದಾನದ ಪ್ರಾಮಾಣಿಕತೆಯ ಬಗ್ಗೆ ಗಂಭೀರ ತಕರಾರು ಬರಲಿಲ್ಲ. 

ಸಂಖ್ಯೆ ಸಣ್ಣದು ಎಂಬ ಕಾರಣಕ್ಕೆ ಹಕ್ಕು ಇಲ್ಲವಾಗುವುದಿಲ್ಲ. ಪೆಸಿಫಿಕ್ ಸಾಗರದ ಟೊಕೆಲಾವ್‌ನಲ್ಲಿ ಜನ ಸುಮಾರು 1,500. ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಸಮೋವಾದಿಂದ ಹಡಗಿನಲ್ಲಿ ಹೋಗಬೇಕು. ಅಲ್ಲಿ 2006 ಮತ್ತು 2007ರಲ್ಲಿ ಸ್ವಯಮಾಡಳಿತದ ಬಗ್ಗೆ ಜನಮತ ನಡೆದಾಗ ವಿಶ್ವಸಂಸ್ಥೆಯೇ ಬಂದು ನೋಡಿತು. ಮೂರನೇ ಎರಡರಷ್ಟು ಮತ ಬೇಕಿತ್ತು, ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿತು, ಫಲಿತಾಂಶವನ್ನು ಎಲ್ಲರೂ ಒಪ್ಪಿದರು.

ಫಾಕ್ಲೆಂಡ್ ಬೇರೆಯಾಗುವುದು ಸಂಖ್ಯೆಯಿಂದ ಅಲ್ಲ, ವಿವಾದದಿಂದ. ಅರ್ಜೆಂಟೀನಾದ ವಾದ ಹೀಗಿದೆ: 1833ರಲ್ಲಿ ನಮ್ಮವರನ್ನು ಹೊರಹಾಕಿ, ತಮ್ಮ ಜನರನ್ನು ತಂದು ನೆಲೆಗೊಳಿಸಿ, ಆಮೇಲೆ ಅವರನ್ನೇ ಕೇಳಿ ತೀರ್ಪು ಪಡೆದರೆ ಅದು ಸ್ವನಿರ್ಣಯ, ಅಂದರೆ ಒಂದು ಜನ ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸುವ ಹಕ್ಕು, ಹೇಗಾದೀತು? ಈ ವಾದಕ್ಕೆ ವಿಶ್ವಸಂಸ್ಥೆಯಲ್ಲಿ ತೂಕ ಇದೆ. 1965ರ ಡಿಸೆಂಬರ್ 16ರ 2065ನೇ ನಿರ್ಣಯ ಇದನ್ನು ಎರಡು ದೇಶಗಳ ನಡುವಿನ ಸಾರ್ವಭೌಮತ್ವದ ವಿವಾದ ಎಂದೇ ಗುರುತಿಸಿ, ದ್ವೀಪದವರ ಹಿತ ನೋಡಿಕೊಂಡು ಮಾತಾಡಿ ಅಂದಿತು. ಅವರ ಇಚ್ಛೆಯನ್ನು ಕೇಳಿ ಎನ್ನಲಿಲ್ಲ. 1985ರಲ್ಲಿ ಸ್ವನಿರ್ಣಯದ ಮಾತನ್ನು ನಿರ್ಣಯದಲ್ಲಿ ಸೇರಿಸಲು ಬ್ರಿಟನ್ ತಂದ ತಿದ್ದುಪಡಿಗಳು ಬಿದ್ದುಹೋದವು. ಭಾರತವೂ ಮಾತುಕತೆ ನಡೆಯಲಿ ಎನ್ನುವ ಕಡೆಯೇ ನಿಂತಿದೆ. 2022ರಲ್ಲಿ ಅರ್ಜೆಂಟೀನಾದ ವಿದೇಶಾಂಗ ಸಚಿವರು ಈ ಮಾತುಕತೆಗಾಗಿ ಒಂದು ಆಯೋಗಕ್ಕೆ ಚಾಲನೆ ಕೊಟ್ಟದ್ದು ದೆಹಲಿಯಲ್ಲೇ. ಆದ್ದರಿಂದ 2013ರ ಮತದಾನದಿಂದ ವಿವಾದ ಮುಗಿಯಿತು ಎಂದು ಲಂಡನ್ನಿನವರು ಹೇಳಿದರೆ ಅದೂ ಪೂರ್ತಿ ಸರಿಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎಂಟೊಂಬತ್ತು ತಲೆಮಾರಿನಿಂದ ಕುರಿ ಸಾಕಿ, ಪೀಟ್ ಎಂಬ ಒಣಗಿಸಿದ ಜೌಗುಮಣ್ಣು ಸುಟ್ಟು ಮನೆ ಬೆಚ್ಚಗಿಟ್ಟುಕೊಂಡು ಅಲ್ಲೇ ಸತ್ತವರ ಮಕ್ಕಳನ್ನು ಇನ್ನೂ 'ತಂದು ಕೂರಿಸಿದವರು' ಎನ್ನುವುದು ನ್ಯಾಯವಲ್ಲ. ಹಾಗೆ ಎಣಿಸಲು ಹೊರಟರೆ ಅರ್ಜೆಂಟೀನಾದ ನೆಲದಲ್ಲೇ ಎಷ್ಟು ಜನ ಉಳಿದಾರು? ಅಲ್ಲಿರುವವರೆಲ್ಲ ಬ್ರಿಟಿಷ್ ಮೂಲದವರೂ ಅಲ್ಲ. ಸೇಂಟ್ ಹೆಲೆನಾದವರು, ಚಿಲಿಯವರು, ಫಿಲಿಪ್ಪೀನ್ಸಿನವರು ಇದ್ದಾರೆ. ಯುದ್ಧದಲ್ಲಿ ಹೂತ ನೆಲಬಾಂಬ್ ತೆಗೆಯಲು ಜಿಂಬಾಬ್ವೆಯಿಂದ ಬಂದವರಲ್ಲಿ ಹಲವರು ಕುಟುಂಬ ಕರೆಸಿಕೊಂಡು ಅಲ್ಲೇ ನೆಲೆಸಿದರು. ಆ ಕೆಲಸ ಮುಗಿದದ್ದು 2020ರಲ್ಲಿ. ಅವರ ಹಿತ ಏನೆಂದು ಅವರನ್ನು ಕೇಳದೆ ನಿರ್ಧರಿಸುವುದು ಹೇಗೆ?

ಹಾಗೆಂದು ಬ್ರಿಟನ್ನಿನ ಕೈ ಶುದ್ಧವಾಗಿದೆ ಎಂದು ತಿಳಿಯಬೇಡಿ. ಫಾಕ್ಲೆಂಡ್ ನಿರ್ಣಯವಾದ ದಿನವೇ ಬಂದ ಮುಂದಿನ ನಿರ್ಣಯ, 2066, ನಮ್ಮದೇ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ನಿಂದ ಒಡೆಯಬೇಡಿ ಅಂದಿತ್ತು. ಬ್ರಿಟನ್ ಒಡೆಯಿತು, ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ನೆಲೆಗಾಗಿ ಜನರನ್ನು ಖಾಲಿ ಮಾಡಿಸಿತು. ಅದು ಶುರುವಾದದ್ದು ಹೇಗೆ ಗೊತ್ತೇ? ಚಿಕಿತ್ಸೆಗೆಂದು, ಬಂಧುಗಳನ್ನು ನೋಡಲೆಂದು ಮಾರಿಷಸ್‌ಗೆ ಬಂದ ಚಾಗೋಸಿನವರು ವಾಪಸ್ ಹೋಗಲು ಬಂದರಿಗೆ ಬಂದಾಗ, ನಿಮ್ಮ ದ್ವೀಪಕ್ಕೆ ಇನ್ನು ಹಡಗಿಲ್ಲ ಅಂದುಬಿಟ್ಟರು. ಗುಂಡು ಹಾರಲಿಲ್ಲ. 1973ರ ಹೊತ್ತಿಗೆ ದ್ವೀಪಗಳು ಖಾಲಿ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹಾಗೆ ಬೇರ್ಪಡಿಸಿದ್ದು ಕಾನೂನುಬದ್ಧವಾಗಿರಲಿಲ್ಲ ಎಂದು ಅಭಿಪ್ರಾಯ ಕೊಟ್ಟಿತು. ಹಡಗಿನ ಟಿಕೆಟ್ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಒಂದು ಜನರ ಹಕ್ಕು ನಿಂತಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷಿ ನನಗೆ ಗೊತ್ತಿಲ್ಲ. ಫಾಕ್ಲೆಂಡ್‌ನಲ್ಲಿ ಸ್ವನಿರ್ಣಯ ಎನ್ನುವ ದೇಶವೇ ಇದನ್ನು ಮಾಡಿದ್ದು ಅನ್ನುವುದನ್ನು ಅರ್ಜೆಂಟೀನಾ ಎತ್ತಿ ಆಡಿದರೆ ತಪ್ಪೇನಿಲ್ಲ. ಆದರೆ ಚಾಗೋಸಿನವರಿಗೆ ಆದ ಅನ್ಯಾಯ ಫಾಕ್ಲೆಂಡಿನವರ ಹಕ್ಕು ಕಿತ್ತುಕೊಳ್ಳಲು ಕಾರಣ ಆಗಬಾರದು.

ಹಾಗಾದರೆ ಮುಂದೇನು? ಈಗಿರುವ ಎರಡು ದಾರಿಗಳಲ್ಲಿ ಒಂದು ಬ್ರಿಟಿಷ್ ಸೇನೆಯ ಏರ್‌ಬ್ರಿಜ್. ಇಂಗ್ಲೆಂಡಿನ ಬ್ರೈಜ್ ನಾರ್ಟನ್‌ನಿಂದ ನಡುವೆ ಒಂದು ಕಡೆ ಇಂಧನ ತುಂಬಿಸಿಕೊಂಡು, ಸುಮಾರು 18 ಗಂಟೆಯ ಪ್ರಯಾಣ. ಬಹುಕಾಲ ಆ ನಡುವಿನ ನಿಲ್ದಾಣ ಅಸೆನ್ಷನ್ ದ್ವೀಪ ಆಗಿತ್ತು. 2017ರಲ್ಲಿ ಅಲ್ಲಿನ ರನ್‌ವೇ ಹಾಳಾದಾಗ ಆಫ್ರಿಕಾದ ಕೇಪ್ ವರ್ಡೆ ಮೇಲೆ ಸುತ್ತಬೇಕಾಯಿತು. ಸುರಕ್ಷಿತ, ಆದರೆ ದುಬಾರಿ, ದೂರ. ಎರಡನೆಯದು ಶನಿವಾರದ ಚಿಲಿ ವಿಮಾನ. ಅದೂ ಒಮ್ಮೆ ಕೈಕೊಟ್ಟಿದೆ. 1998ರಲ್ಲಿ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಶೆಯನ್ನು ಲಂಡನ್ನಿನಲ್ಲಿ ಬಂಧಿಸಿದ ಸಿಟ್ಟಿಗೆ ಮರುವರ್ಷ ಆ ವಿಮಾನ ನಿಂತಿತು. ಫಾಕ್ಲೆಂಡಿಗೆ ಯಾವ ಸಂಬಂಧವೂ ಇಲ್ಲದ ಜಗಳ ಅದು. ಅದನ್ನು ಮತ್ತೆ ಹಾರಿಸಲು ಆದದ್ದೇ 1999ರ ಜುಲೈ 14ರ ಒಪ್ಪಂದ. ವಿಮಾನ ತಿಂಗಳಿಗೊಮ್ಮೆ ಅರ್ಜೆಂಟೀನಾದ ರಿಯೊ ಗಲ್ಯೆಗೊಸ್‌ನಲ್ಲಿ ಹೋಗುವಾಗೊಂದು, ಬರುವಾಗೊಂದು ಸಲ ಇಳಿಯಬೇಕು, ಅರ್ಜೆಂಟೀನಾದವರನ್ನು ದ್ವೀಪಕ್ಕೆ ಬಿಡಬೇಕು ಎಂದು ಆಗ ನಿಶ್ಚಯವಾಯಿತು. ಅಂದರೆ ಅರ್ಜೆಂಟೀನಾದ ಜೊತೆ ಸಂಪರ್ಕ ಬೇಡವೇ ಬೇಡ ಎಂದು ದ್ವೀಪದವರು ಕೂತಿಲ್ಲ. ಮೂರನೆಯ ದೇಶದ ವಿಮಾನ, ಮೂರನೆಯ ದೇಶದಿಂದ ಹೊರಟು, ಅಲ್ಲಿ ಒಮ್ಮೆ ನಿಂತು ಬರಲಿ ಅನ್ನುವುದು ಅವರು ಒಪ್ಪಿದ ಸೂತ್ರ.

ಅದೇ ಸೂತ್ರದ ಮೇಲೆ 2019ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಿಂದ ವಾರಕ್ಕೊಮ್ಮೆಯ ಎರಡನೇ ವಿಮಾನ ಬಂತು, ತಿಂಗಳಿಗೊಮ್ಮೆ ಅರ್ಜೆಂಟೀನಾದ ಕೊರ್ಡೊಬಾದಲ್ಲಿ ನಿಲ್ಲುತ್ತಿತ್ತು. ಕೋವಿಡ್ ಬಂದು ನಾಲ್ಕೈದು ತಿಂಗಳಲ್ಲೇ ನಿಂತಿತು. 2016ರಲ್ಲಿ ಆ ದಾರಿಗೆ ಬೀಜ ಹಾಕಿದ್ದ ಬ್ರಿಟನ್-ಅರ್ಜೆಂಟೀನಾ ಜಂಟಿ ಹೇಳಿಕೆಯಿಂದ 2023ರ ಮಾರ್ಚ್‌ನಲ್ಲಿ ಅರ್ಜೆಂಟೀನಾ ಹಿಂದೆ ಸರಿಯಿತು. ಅದೇ 2016ರ ತಿಳಿವಳಿಕೆಯಿಂದ ಇನ್ನೊಂದು ಒಳ್ಳೆಯ ಕೆಲಸವೂ ಆಗಿತ್ತು. ದ್ವೀಪದ ಡಾರ್ವಿನ್ ಎಂಬ ಊರಿನ ಸ್ಮಶಾನದಲ್ಲಿ ಹೆಸರಿಲ್ಲದೆ, 'ದೇವರಿಗಷ್ಟೇ ಗೊತ್ತಿರುವ ಅರ್ಜೆಂಟೀನಾದ ಸೈನಿಕ' ಎಂಬ ಫಲಕದಡಿ ಮಲಗಿದ್ದವರನ್ನು ರೆಡ್ ಕ್ರಾಸ್ ನೆರವಿನಿಂದ ಡಿಎನ್‌ಎ ಪರೀಕ್ಷೆ ಮಾಡಿ ಗುರುತಿಸಿದರು. 2018ರ ಮಾರ್ಚ್‌ನಲ್ಲಿ ತಾಯಂದಿರು, ಅಕ್ಕತಂಗಿಯರು ವಿಮಾನದಲ್ಲಿ ಬಂದು, 36 ವರ್ಷದ ಮೇಲೆ ಮೊದಲ ಬಾರಿಗೆ ಹೆಸರಿರುವ ಕಲ್ಲಿನ ಮೇಲೆ ಕೈಯಿಟ್ಟರು. ದಾರಿ ಮುಚ್ಚಿದರೆ ಇವರಿಗೂ ಮುಚ್ಚುತ್ತದೆ. ದ್ವೀಪದವರ ಪರವಾಗಿ ಮಾತಾಡುವವರು ಇದನ್ನು ಮರೆಯುತ್ತಾರೆ, ನನಗೆ ಅದು ಬೇಸರ.

ಉರುಗ್ವೆಯಿಂದ ನೇರ ಸಮುದ್ರದ ಮೇಲೆಯೇ ಹಾರಿ ಬರಲಿ ಅನ್ನುವವರಿದ್ದಾರೆ. ನಕಾಶೆಯಲ್ಲಿ ಸುಲಭ. ಆದರೆ ಪೈಲಟ್‌ನ ಕಣ್ಣಿಂದ ನೋಡಿ. ಹೊರಗಿನ ವಿಮಾನಗಳು ಇಳಿಯುವ ಮೌಂಟ್ ಪ್ಲೆಸೆಂಟ್ ನಿಲ್ದಾಣದ ಉತ್ತರಕ್ಕೆ ಬೆಟ್ಟದ ಸಾಲು ಇದೆ. ಉತ್ತರದ ಗಾಳಿ ಬೀಸಿದಾಗ ಅದು ಬೆಟ್ಟ ದಾಟಿ ರನ್‌ವೇ ಮೇಲೆ ಸುಳಿಸುಳಿಯಾಗಿ ಬೀಳುತ್ತದೆ. ಅಂಥ ದಿನ ವಿಮಾನ ಇಳಿಸುವಂತಿಲ್ಲ. ಆಗ ಬೇರೆಲ್ಲಿ ಇಳಿಯುವುದು? ದೊಡ್ಡ ವಿಮಾನಕ್ಕೆ ಹತ್ತಿರದ ನಿಲ್ದಾಣಗಳೆಲ್ಲ ಅರ್ಜೆಂಟೀನಾ ಅಥವಾ ಚಿಲಿಯಲ್ಲಿ. ಅಲ್ಲಿಗೆ ಮುಂಚಿತ ಅನುಮತಿ ಇಲ್ಲದಿದ್ದರೆ ವಾಪಸ್ ಹೋಗುವಷ್ಟು ಇಂಧನ ಹೊತ್ತೇ ಹೊರಡಬೇಕು. ಇಂಧನ ಹೆಚ್ಚಿದಷ್ಟೂ ಪ್ರಯಾಣಿಕರು, ಸರಕು ಕಡಿಮೆ, ಟಿಕೆಟ್ ದುಬಾರಿ. ಖಾಸಗಿ ಕಂಪನಿ ಸಬ್ಸಿಡಿ ಇಲ್ಲದೆ ಇದಕ್ಕೆ ಕೈಹಾಕುವುದಿಲ್ಲ. ಸಬ್ಸಿಡಿ ಕೊಡುವ ಶಕ್ತಿ ದ್ವೀಪಕ್ಕಿದೆ. 1987ರಿಂದ ಮೀನುಗಾರಿಕೆ ಪರವಾನಗಿ, ಮುಖ್ಯವಾಗಿ ಸ್ಕ್ವಿಡ್, ಅಂದರೆ ನಿಮ್ಮ ಕಡೆಯ ಬೊಂಡಾಸ, ಅವರ ಖಜಾನೆ ತುಂಬಿಸಿದೆ. ರಕ್ಷಣೆಯೊಂದನ್ನು ಬಿಟ್ಟರೆ ಅವರು ತಮ್ಮ ಖರ್ಚು ತಾವೇ ನೋಡಿಕೊಳ್ಳುತ್ತಾರೆ. ಆದರೆ ಉರುಗ್ವೆಯ ಸರ್ಕಾರ ಬದಲಾದರೆ ಮೆರ್ಕೊಸೂರ್ ಒತ್ತಡವೂ ಏರಿಳಿಯುತ್ತದೆ. ಆ ಅಪಾಯವನ್ನು ಹಣದಿಂದ ನೀಗಿಸಲು ಆಗದು.

ಹಡಗಿನ ದಾರಿ ಸರಕಿಗೆ ಬೇಕೇ ಬೇಕು, ಪ್ರಯಾಣಿಕರಿಗೆ ಉತ್ತರವಲ್ಲ. ಸ್ಟ್ಯಾನ್ಲಿಯ ತೇಲುವ ಬಂದರು 1984ರಲ್ಲಿ ಸೇನೆ ತಾತ್ಕಾಲಿಕವೆಂದು ಹಾಕಿದ್ದು, ಅದರ ಮೇಲೆಯೇ ಇವತ್ತಿಗೂ ಊರು ನಡೆದಿದೆ. ಹೊಸ ಬಂದರು ಕಟ್ಟುವುದು ನಿಜವಾದ ಆದ್ಯತೆ ಆಗಬೇಕು. ದ್ವೀಪದೊಳಗಿನ ಸಂಪರ್ಕ ಮಾತ್ರ ಅವರೇ ಚೆನ್ನಾಗಿ ಕಟ್ಟಿಕೊಂಡಿದ್ದಾರೆ. 1948ರಿಂದ ಸರ್ಕಾರವೇ ನಡೆಸುವ ಪುಟ್ಟ ವಿಮಾನಗಳು ಕುರಿ ಸಾಕುವವರ ಹುಲ್ಲುಗಾವಲಿನಲ್ಲೇ ಇಳಿಯುತ್ತವೆ. ಯಾರು ಎಲ್ಲಿಗೆ ಹೋಗಬೇಕು ಎಂದು ನೋಡಿ ದಿನದಿನದ ಪಟ್ಟಿ ಮಾಡಿ, ಹಿಂದಿನ ಸಂಜೆ ರೇಡಿಯೊದಲ್ಲಿ ಓದುತ್ತಾರೆ.

ನೇರ ಅರ್ಜೆಂಟೀನಾ ವಿಮಾನವನ್ನು ಎಂದೆಂದಿಗೂ ಬೇಡ ಎಂದು ನಾನು ಹೇಳುವುದಿಲ್ಲ. ಬೇರೆ ಎರಡು ದಾರಿ ಗಟ್ಟಿಯಾಗಿ ನಿಂತ ಮೇಲೆ ಮೂರನೆಯದಾಗಿ ಅದು ಬಂದರೆ ಎಲ್ಲರಿಗೂ ಒಳ್ಳೆಯದು, ನಿಮ್ಮ ಮಗನಂಥವರಿಗೆ ಎಲ್ಲರಿಗಿಂತ ಹೆಚ್ಚು. ಮೊದಲನೆಯದಾಗಿ, ಏಕೈಕ ದಾರಿಯಾಗಿ ಬಂದರೆ 1971 ಮರುಕಳಿಸುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಸಾವೊ ಪಾಲೊ ವಿಮಾನವನ್ನು ಮತ್ತೆ ಹಾರಿಸಲು, ಸೈನಿಕರ ಬಂಧುಗಳ ಭೇಟಿ ಏರ್ಪಡಿಸಲು ಒಪ್ಪಿದರು. ತಿಂಗಳೆರಡು ತಿಂಗಳೊಳಗೆ ಅರ್ಜೆಂಟೀನಾದ ಆ ಸಚಿವೆಯೇ ಬೇರೊಂದು ಕಾರಣಕ್ಕೆ ಹುದ್ದೆ ಕಳೆದುಕೊಂಡರು. ಇಂಥ ಒಪ್ಪಂದಗಳು ವ್ಯಕ್ತಿಗಳ ಮೇಲೆ ನಿಂತಿರುವುದು ದೊಡ್ಡ ದೌರ್ಬಲ್ಯ. ಆದ್ದರಿಂದ ಮುಂದೆ ಯಾವುದೇ ಹೊಸ ವಿಮಾನದ ಸುದ್ದಿ ಬಂದರೂ ನಾನು ಅದರಲ್ಲಿ ಮೊದಲು ಹುಡುಕುವುದು ಎರಡು ಅಂಶ. ನಿಲ್ಲಿಸುವ ಮುನ್ನ ಕನಿಷ್ಠ ಒಂದು ವರ್ಷದ ನೋಟಿಸ್ ಕೊಡಬೇಕು ಎಂದು ಬರೆದಿದೆಯೇ? ಹವಾಮಾನ ಕೆಟ್ಟಾಗ, ರೋಗಿಯನ್ನು ಸಾಗಿಸುವಾಗ ರಿಯೊ ಗಲ್ಯೆಗೊಸ್‌ನಲ್ಲೋ ಉಶುವಾಯದಲ್ಲೋ ಇಳಿಯಲು, ಸಾರ್ವಭೌಮತ್ವದ ಮಾತೆತ್ತದೆ, ಕಾಯಂ ಅನುಮತಿ ಇದೆಯೇ? ಇವೆರಡು ಇಲ್ಲದ ಕರಡು ಸ್ಟ್ಯಾನ್ಲಿಯ ಎಂಟು ಚುನಾಯಿತ ಸದಸ್ಯರ ಮುಂದೆ ಬಂದರೆ, ಟಿಕೆಟ್ ಎಷ್ಟೇ ಅಗ್ಗವಾಗಿರಲಿ, ಅವರು ಅದನ್ನು ತಿದ್ದಲು ವಾಪಸ್ ಕಳಿಸಬೇಕು ಎನ್ನುವುದೇ ನನ್ನ ಸಲಹೆ.